ಕಾಂಗರೂಗಳ ಊರಿನಲ್ಲಿ ಮಕ್ಕಳೊಂದಿಗೆ ಮೂರು ದಿನ

ನಿಮ್ಮ ಮಗಳ ಶಾಲೆಯಿಂದ ಒಂದು ಪತ್ರ ಬಂದಿದೆ ಎಂದಿಟ್ಟುಕೊಳ್ಳಿ. ಮೂರು ದಿನ, ಎರಡು ರಾತ್ರಿಗಳ ಶಿಬಿರ. ಜಾಗ ಮನೆಯಿಂದ ಸುಮಾರು 260 ಕಿ.ಮೀ. ದೂರದ ಬೆಟ್ಟಗುಡ್ಡಗಳ ಕಾಡು. ಮಲಗುವುದು ಡೇರೆಯೊಳಗೆ. ಮಗಳಿಗೆ ವಯಸ್ಸು ಹನ್ನೊಂದು. ಪತ್ರದ ಕೊನೆಯಲ್ಲಿ ನಿಮ್ಮ ಸಹಿಗೆ ಒಂದು ಗೆರೆ ಖಾಲಿ ಬಿಟ್ಟಿದ್ದಾರೆ. ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಆ ಪತ್ರವನ್ನು ಮಡಚಿ ಫ್ರಿಜ್‌ನ ಮೇಲಿಟ್ಟು ನಾಲ್ಕು ದಿನ ಅತ್ತ ನೋಡಲಿಲ್ಲ.

ನಾವು ಮಂಗಳೂರಿನ ಕಡೆಯವರು. ಗಂಡನ ಉದ್ಯೋಗದ ಕಾರಣ ಕೆಲವು ವರ್ಷಗಳಿಂದ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇದ್ದೇವೆ. ಇಲ್ಲಿನ ಶಾಲೆಗಳಲ್ಲಿ ಕ್ಯಾಂಪ್ ಎಂಬುದು ಬರೀ ಮೋಜಲ್ಲ, ಪಾಠದ ಒಂದು ಭಾಗ. ಮಕ್ಕಳು ತಮ್ಮ ಹಾಸಿಗೆ ತಾವೇ ಸುತ್ತಬೇಕು, ತಟ್ಟೆ ತೊಳೆಯಬೇಕು, ನಡೆಯಬೇಕು, ಇನ್ನೊಬ್ಬರಿಗಾಗಿ ಕಾಯಬೇಕು. ಇದನ್ನೆಲ್ಲ ಮನೆಯಲ್ಲಿ ಕಲಿಸಲು ಸಾಧ್ಯವಿಲ್ಲವೇ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದ್ದೆ. ಮಗಳು ಹೇಳಿದಳು, "ಉಮ್ಮಾ, ಮನೆಯಲ್ಲಿ ನಾನು ಸುತ್ತುವ ಮೊದಲೇ ನೀವು ಸುತ್ತಿಬಿಡುತ್ತೀರಲ್ಲ!"

ಐದನೆಯ ದಿನ ಪತ್ರವನ್ನು ಪೂರ್ತಿ ಓದಿದಾಗ ಕೆಳಗೆ ಇನ್ನೊಂದು ಸಾಲು ಕಂಡಿತು. ಸಹಾಯಕ್ಕೆ ಬರಲು ಇಷ್ಟವಿರುವ ಪೋಷಕರು ಹೆಸರು ಕೊಡಬಹುದು ಎಂದಿತ್ತು. ಮಗಳನ್ನು ಕಳಿಸಲೂ ಮನಸ್ಸಿಲ್ಲದ, ಬೇಡವೆನ್ನಲೂ ಬಾಯಿ ಬಾರದ ನನಗೆ ಇದೊಂದು ದಾರಿಯಾಗಿ ತೋರಿತು. ನಾನೂ ಹೋಗುವುದು, ಮಗಳ ಮೇಲೆ ಕಣ್ಣಿಡುವುದು! ಹೀಗೆ 2025ರ ಅಕ್ಟೋಬರ್‌ನಲ್ಲಿ ನಾನು 48 ಮಕ್ಕಳ ಜೊತೆ ಬಸ್ ಹತ್ತಿದೆ.

ಹೊರಡುವ ಮುಂಚಿನ ಸಿದ್ಧತೆ

ಬಸ್ ಹತ್ತುವುದು ಅಷ್ಟು ಸುಲಭವಿರಲಿಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವವರನ್ನು ಸರಕಾರ ಪರಿಶೀಲಿಸಿ ಒಂದು ಕಾರ್ಡ್ ಕೊಡುತ್ತದೆ. ಹೆಸರು 'ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್'. ಅರ್ಜಿದಾರರ ಮೇಲೆ ಯಾವುದಾದರೂ ಅಪರಾಧದ ದಾಖಲೆ ಇದೆಯೇ ಎಂದು ನೋಡುತ್ತಾರೆ. ಸ್ವಯಂಸೇವಕರಿಗೆ ಇದು ಉಚಿತ. ಕಾರ್ಡಿನ ಅವಧಿ ಐದು ವರ್ಷ. ನಮ್ಮ ಶಾಲೆಯಲ್ಲಿ ಈ ಕಾರ್ಡ್ ತೋರಿಸದೆ ತಾಯಿಯೇ ಆದರೂ ಕ್ಯಾಂಪಿಗೆ ಬರುವಂತಿರಲಿಲ್ಲ.

ಅನಂತರ ಶಾಲೆಯಲ್ಲಿ ಒಂದು ಸಂಜೆ ಸಭೆ ನಡೆಯಿತು. ಅಲ್ಲಿ ಹೇಳಿದ ನಿಯಮಗಳನ್ನು ಕೇಳಿ ನನಗೆ ಮೊದಲು ಮುಜುಗರವಾಯಿತು. ಯಾವ ಮಗುವಿನ ಜೊತೆಗೂ ಒಬ್ಬರೇ ಇರಬಾರದು, ಇನ್ನೊಬ್ಬ ದೊಡ್ಡವರ ಕಣ್ಣಿಗೆ ಕಾಣುವಂತಿರಬೇಕು. ಔಷಧಿಯನ್ನು ಅಧ್ಯಾಪಕರೇ ಕೊಡಬೇಕು. ಆಸ್ತಮಾ, ಅಲರ್ಜಿ ಇರುವ ಮಕ್ಕಳ ವಿವರದ ಹಾಳೆ ಸದಾ ಕೈಯಲ್ಲಿರಬೇಕು. ಬೇರೆಯವರ ಮಕ್ಕಳ ಫೋಟೋ ತೆಗೆಯಬಾರದು. ರಾತ್ರಿ ಶೌಚಾಲಯಕ್ಕೆ ಮಕ್ಕಳು ಮೂವರು ಮೂವರಾಗಿ ಹೋಗಬೇಕು. ಸ್ನಾನಕ್ಕೆ ಒಬ್ಬೊಬ್ಬರಿಗೂ ಚಿಲಕವಿರುವ ಪ್ರತ್ಯೇಕ ಕೋಣೆ. ಹುಡುಗರ ಡೇರೆಗಳು ಒಂದು ಬದಿ, ಹುಡುಗಿಯರದ್ದು ಇನ್ನೊಂದು ಬದಿ, ನಡುವೆ ಅಧ್ಯಾಪಕರ ಡೇರೆಗಳು.

ಕೊನೆಯ ನಿಯಮ ಮಾತ್ರ ನನ್ನ ಲೆಕ್ಕಾಚಾರವನ್ನೇ ಬುಡಮೇಲು ಮಾಡಿತು. ತಂದೆ ತಾಯಿಯನ್ನು ಅವರ ಸ್ವಂತ ಮಗುವಿನ ಗುಂಪಿಗೆ ಹಾಕುವುದಿಲ್ಲ! ನನಗೆ ಸಿಕ್ಕಿದ್ದು ಮೂರನೆಯ ಗುಂಪು. ಅದರಲ್ಲಿ ನಾನು ಕಂಡರಿಯದ 12 ಮಕ್ಕಳು, ಜೊತೆಗೆ ಒಬ್ಬ ಅಧ್ಯಾಪಕಿ. ನನ್ನ ಮಗಳಿದ್ದದ್ದು ಒಂದನೆಯ ಗುಂಪಿನಲ್ಲಿ. ಮನೆಗೆ ಬಂದು ಮುಖ ಸಪ್ಪಗೆ ಮಾಡಿಕೊಂಡಾಗ ಇವರು ನಕ್ಕು, "ನಿನ್ನ ಮಗಳನ್ನೂ ಇನ್ಯಾರೋ ಒಬ್ಬ ತಾಯಿ ನೋಡಿಕೊಳ್ಳುತ್ತಾಳೆ. ನೀನು ಅವರ ಮಕ್ಕಳನ್ನು ನೋಡಿಕೋ" ಎಂದರು.

ಬೆಂದ ಮರಗಳ ನಡುವೆ

ನಾವು ಹೋದದ್ದು ಗ್ರಾಂಪಿಯನ್ಸ್ ಎಂಬ ಬೆಟ್ಟಸಾಲಿಗೆ. 1836ರಲ್ಲಿ ಥಾಮಸ್ ಮಿಚೆಲ್ ಎಂಬ ಸರ್ವೇಕ್ಷಕ ಸ್ಕಾಟ್ಲೆಂಡಿನ ಬೆಟ್ಟಗಳ ಹೆಸರನ್ನು ಇದಕ್ಕಿಟ್ಟ. ಆದರೆ ಇಲ್ಲಿನ ಮೂಲನಿವಾಸಿಗಳಾದ ಜಾಬ್ ವುರುಂಗ್ ಮತ್ತು ಜಾರ್ಡ್‌ವಾಜಲಿ ಜನರಿಗೆ ಇದು ಅದಕ್ಕೂ ಎಷ್ಟೋ ಮೊದಲೇ 'ಗರಿವರ್ಡ್' ಆಗಿತ್ತು. ಈ ಬೆಟ್ಟಗಳಲ್ಲಿ 20 ಸಾವಿರ ವರ್ಷಗಳಿಗೂ ಹಿಂದಿನಿಂದ ಮನುಷ್ಯರು ಬಾಳಿದ ಗುರುತುಗಳಿವೆ. ಈಗ ಎರಡೂ ಹೆಸರುಗಳನ್ನು ಜೊತೆಯಾಗಿ ಬಳಸುತ್ತಾರೆ. 1984ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ ಸುಮಾರು 1,67,000 ಹೆಕ್ಟೇರ್.

ಬ್ಯಾಲರಾಟ್, ಅರರಾಟ್ ಪಟ್ಟಣಗಳನ್ನು ದಾಟಿದ ಮೇಲೆ ಹುಲ್ಲುಗಾವಲು ಮತ್ತು ಕುರಿಮಂದೆಗಳ ಬಯಲು. ಅದರಾಚೆ ಒಮ್ಮೆಲೇ ಎದ್ದು ನಿಂತ ಮರಳುಕಲ್ಲಿನ ಬೆಟ್ಟಗಳು. ನಮ್ಮ ಪಶ್ಚಿಮ ಘಟ್ಟದಂತೆ ಹಸಿರು ಹೊದ್ದ ಬೆಟ್ಟಗಳಲ್ಲ, ಬಂಡೆಯ ಬೆನ್ನು ಬಿಸಿಲಿಗೆ ಒಡ್ಡಿಕೊಂಡ ಬೆಟ್ಟಗಳು. ಪೊಮೊನಾಲ್ ಎಂಬ ಸಣ್ಣ ಊರಿನ ಬಳಿ ಬಸ್ಸಿನಲ್ಲಿ ಗದ್ದಲ ತಾನಾಗಿ ನಿಂತಿತು. 2024ರ ಫೆಬ್ರವರಿಯಲ್ಲಿ ಬಂದ ಕಾಡ್ಗಿಚ್ಚು ಆ ಊರಿನ 40ಕ್ಕೂ ಹೆಚ್ಚು ಮನೆಗಳನ್ನು ನುಂಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಇನ್ನೊಂದು ಬೆಂಕಿ ಬೆಟ್ಟದ ದಕ್ಷಿಣ ಭಾಗದಲ್ಲಿ ಸುಮಾರು 76 ಸಾವಿರ ಹೆಕ್ಟೇರ್ ಸುಟ್ಟಿತು. ಆಗ ನಾವು ಹೋಗುತ್ತಿದ್ದ ಹಾಲ್ಸ್ ಗ್ಯಾಪ್ ಊರಿನವರಿಗೂ ಮನೆ ಬಿಟ್ಟು ಹೊರಡುವಂತೆ ಸೂಚನೆ ಬಂದಿತ್ತು.

ಮರಗಳ ಕಾಂಡಗಳು ಇದ್ದಿಲಿನಂತೆ ಕಪ್ಪಾಗಿದ್ದವು. ಆದರೆ ಆ ಕಪ್ಪು ತೊಗಟೆಯನ್ನೇ ಸೀಳಿಕೊಂಡು ಬುಡದಿಂದ ತುದಿಯವರೆಗೆ ಎಳೆ ಚಿಗುರು ಹೊರಟಿತ್ತು. ನೀಲಗಿರಿಯ ಜಾತಿಯ ಈ ಮರಗಳ ತೊಗಟೆಯಡಿ ಮೊಗ್ಗುಗಳು ಮಲಗಿರುತ್ತವಂತೆ. ಬೆಂಕಿ ಹಾದುಹೋದ ಮೇಲೆ ಅವು ಏಳುತ್ತವೆ. ಸುಟ್ಟ ಮರಕ್ಕೂ ಚಿಗುರುವ ಶಕ್ತಿಯನ್ನು ಅಲ್ಲಾಹನು ಒಳಗೇ ಇಟ್ಟು ಕಳಿಸಿದ್ದಾನೆ ಎಂದು ನನಗೆ ಅನ್ನಿಸಿತು.

ಬೆಂಕಿಯ ಭಯ ಇಲ್ಲಿ ನಿಜವಾದದ್ದು. ಬೇಸಿಗೆಯಲ್ಲಿ ದಿನದಿನದ ಬೆಂಕಿಯ ಅಪಾಯವನ್ನು ಸಾಧಾರಣ, ಹೆಚ್ಚು, ತೀವ್ರ, ವಿನಾಶಕಾರಿ ಎಂದು ನಾಲ್ಕು ಹಂತಗಳಲ್ಲಿ ಸರಕಾರ ಪ್ರಕಟಿಸುತ್ತದೆ. ನಮ್ಮ ಶಾಲೆ ಅದಕ್ಕಾಗಿಯೇ ವಸಂತಕಾಲದ ತಂಪಿನ ದಿನಗಳನ್ನು ಆರಿಸಿತ್ತು.

ಡೇರೆಯ ಹೊರಗೆ ಒಂದು ರಾತ್ರಿ

ಹಾಲ್ಸ್ ಗ್ಯಾಪ್ ಎರಡು ಬೆಟ್ಟಸಾಲುಗಳ ನಡುವಿನ ಕಣಿವೆ. ಸಂಜೆಯಾಗುತ್ತಲೇ ಬೂದು ಬಣ್ಣದ ಕಾಂಗರೂಗಳು ನಮ್ಮೂರಿನ ದನಗಳಂತೆ ಮೈದಾನಕ್ಕೆ ಮೇಯಲು ಇಳಿದವು. ಒಂದು ತಾಯಿಯ ಚೀಲದಿಂದ ಮರಿ ತಲೆ ಹೊರಗೆ ಹಾಕಿತ್ತು. ಹುಟ್ಟುವಾಗ ಅದು ಒಂದು ಹುರುಳಿಬೀನ್ಸಿನ ಬೀಜದಷ್ಟಿರುತ್ತದೆ, ಕಣ್ಣು ಕಾಣದ ಆ ಜೀವ ತಾನೇ ತೆವಳಿ ಚೀಲ ಸೇರುತ್ತದೆ ಎಂದು ಶಿಬಿರದವರು ವಿವರಿಸಿದರು. ದೊಡ್ಡದಾದಂತೆ ಹೊರಗೆ ಹಾರುತ್ತದೆ, ಬೆದರಿದರೆ ತಲೆಕೆಳಗಾಗಿ ಒಳಗೆ ನುಗ್ಗುತ್ತದೆ. ಸುಮಾರು 11 ತಿಂಗಳಾಗುವಾಗ ತಾಯಿ ಮತ್ತೆ ಒಳಗೆ ಸೇರಿಸುವುದಿಲ್ಲ. ಆಗ ನಾನು ದೂರದಲ್ಲಿದ್ದ ಒಂದನೆಯ ಗುಂಪಿನತ್ತ ನೋಡಿದೆ. ನನ್ನ ಮಗಳು ನನ್ನತ್ತ ನೋಡಲೇ ಇಲ್ಲ.

ಊಟದ ವಿಷಯ ನೀವು ಕೇಳದೆ ಇರಲಾರಿರಿ. ಯಾರು ಏನು ತಿನ್ನುವುದಿಲ್ಲ ಎಂಬ ಪಟ್ಟಿ ಅಡುಗೆಮನೆಗೆ ಎರಡು ವಾರ ಮೊದಲೇ ಹೋಗಿತ್ತು. ಹಲಾಲ್ ಕೋಳಿ ಬೇರೆ ಪಾತ್ರೆಯಲ್ಲಿ, ಹೆಸರು ಬರೆದ ಚೀಟಿಯೊಂದಿಗೆ ಬಂತು. ಒಂದು ವಿಷಯ ಮಾತ್ರ ನಾನೇ ಕೇಳಬೇಕಾಯಿತು. ರಾತ್ರಿ ಬೆಂಕಿಯ ಸುತ್ತ ಕುಳಿತು ಕೋಲಿಗೆ ಸಿಕ್ಕಿಸಿ ಸುಡುವ ಮಾರ್ಷ್‌ಮೆಲೋ ಎಂಬ ಸಿಹಿಯಲ್ಲಿ ಜೆಲಾಟಿನ್ ಇರುತ್ತದೆ. ಅದು ಹೆಚ್ಚಾಗಿ ಹಂದಿಯದ್ದು. ಅಡುಗೆಯಾಕೆಗೆ ಹೇಳಿದಾಗ ಆಕೆ ಬೇಸರಿಸಲಿಲ್ಲ. ಮರುದಿನ ಹಲಾಲ್ ಮುದ್ರೆಯ ಪೊಟ್ಟಣಗಳನ್ನೇ ತರಿಸಿ ಎಲ್ಲ ಮಕ್ಕಳಿಗೂ ಅದನ್ನೇ ಕೊಟ್ಟರು. ನಾವು ಕೇಳಿದರೆ ಕೊಡುತ್ತಾರೆ, ಸಂಕೋಚದಿಂದ ಸುಮ್ಮನಿದ್ದರೆ ನಮ್ಮ ಮಕ್ಕಳು ಒಂದೋ ತಿನ್ನುತ್ತಾರೆ, ಇಲ್ಲವೇ ಹಸಿದು ನೋಡುತ್ತಾ ಕೂರುತ್ತಾರೆ.

ನಮಾಝಿಗೂ ತೊಂದರೆಯಾಗಲಿಲ್ಲ. ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಊರಿನ ಅಭ್ಯಾಸದಲ್ಲಿ ದಿಕ್ಕು ನೋಡಿದರೆ ತಪ್ಪಿಹೋಗುತ್ತೀರಿ! ಆದರೆ ಕಿಬ್ಲಾ ಮಾತ್ರ ಊರಿನಂತೆಯೇ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ. ಬೆಟ್ಟದ ಹಿಂದೆ ಸೂರ್ಯ ಮುಳುಗಿದ ಕಡೆ ಮುಸಲ್ಲಾ ಹಾಸಿದೆ. ಐಸಿನಂಥ ನೀರಿನಲ್ಲಿ ವುಝೂ ಮಾಡಿ ನಿಂತಾಗ ನನ್ನ ಗುಂಪಿನ ಇಬ್ಬರು ಮಕ್ಕಳು ಮಾತು ತಗ್ಗಿಸಿ ದೂರ ಸರಿದು ಕುಳಿತರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಆ ರಾತ್ರಿಯ ಆಕಾಶವನ್ನು ನಾನು ಮರೆಯಲಾರೆ. ಪಟ್ಟಣದ ಬೆಳಕಿಲ್ಲದ ಕತ್ತಲಲ್ಲಿ ಹಾಲುಹಾದಿ ಅಡ್ಡಲಾಗಿ ಚೆಲ್ಲಿತ್ತು. ಅದರಿಂದ ದೂರದಲ್ಲಿ ಎರಡು ಸಣ್ಣ ಬಿಳಿ ಮೋಡದ ತುಣುಕುಗಳು. ಅವು ಮೋಡಗಳಲ್ಲ, ಮೆಗಲನ್ ಮೋಡಗಳೆಂದು ಕರೆಯುವ ಬೇರೆ ನಕ್ಷತ್ರಲೋಕಗಳು. ಇಲ್ಲಿನ ಮೂಲನಿವಾಸಿಗಳು ನಕ್ಷತ್ರಗಳನ್ನು ಮಾತ್ರವಲ್ಲ, ಹಾಲುಹಾದಿಯ ನಡುವಿನ ಕಪ್ಪು ಜಾಗವನ್ನೂ ಓದುತ್ತಾರೆ, ಆ ಕತ್ತಲಲ್ಲಿ ಎಮು ಹಕ್ಕಿಯ ಆಕಾರ ಕಾಣುತ್ತಾರೆ ಎಂದು ಅಧ್ಯಾಪಕಿ ಹೇಳಿದರು.

ಮಕ್ಕಳು ಮಲಗಿದ ಮೇಲೆ ಒಂದು ಡೇರೆಯಿಂದ ಬಿಕ್ಕುವ ಸದ್ದು ಕೇಳಿಸಿತು. ಕನ್ನಡಕ ಹಾಕಿಕೊಳ್ಳುವ ಒಬ್ಬ ಸಣ್ಣ ಹುಡುಗಿ ತಾಯಿ ಬೇಕೆಂದು ಅಳುತ್ತಿದ್ದಳು. ನಾನು ಅಧ್ಯಾಪಕಿಯನ್ನು ಕರೆದೆ. ಇಬ್ಬರೂ ಡೇರೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತೆವು. "ನೀವು ಹೋಗಿಬಿಡುತ್ತೀರಾ?" ಎಂದಳು. "ಇಲ್ಲ. ನೀವೆಲ್ಲ ನಿದ್ದೆ ಮಾಡಿದ ಮೇಲೆ ಒಮ್ಮೆ ಎಣಿಸುತ್ತೇವೆ. ಬೆಳಿಗ್ಗೆ ಎದ್ದಾಗ ಮತ್ತೆ ಎಣಿಸುತ್ತೇವೆ" ಎಂದೆ. ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಹೋದಳು. ಎಣಿಸಿದೆವು. ಹನ್ನೆರಡು.

ಹನ್ನೊಂದು!

ಮರುದಿನ ಪಿನಾಕಲ್ ಎಂಬ ಶಿಖರಕ್ಕೆ ನಡಿಗೆ. ವಂಡರ್‌ಲ್ಯಾಂಡ್ ಎಂಬಲ್ಲಿಂದ ಹೋಗಿಬರಲು ನಾಲ್ಕು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ದೂರ ಕಡಿಮೆಯಾದರೂ ದಾರಿಯುದ್ದಕ್ಕೂ ಕಲ್ಲುಮೆಟ್ಟಿಲು, ಬಂಡೆ, ಏರು. ಎಲ್ಲರ ತಲೆಗೂ ಅಗಲ ಅಂಚಿನ ಟೋಪಿ ಕಡ್ಡಾಯ. ಇಲ್ಲಿನ ಬಿಸಿಲು ತಂಪು ದಿನದಲ್ಲೂ ಚರ್ಮ ಸುಡುತ್ತದೆ. ಎರಡು ಗಂಟೆಗೊಮ್ಮೆ ಮಕ್ಕಳು ತಾವೇ ಕ್ರೀಮ್ ಹಚ್ಚಿಕೊಳ್ಳಬೇಕು. ಪ್ರತಿಯೊಬ್ಬರ ಕೊರಳಲ್ಲೂ ಒಂದು ಸೀಟಿ.

ಹೊರಡುವ ಮೊದಲು ಹಾವಿನ ಪಾಠವೂ ಆಯಿತು. ವಸಂತಕಾಲದಲ್ಲಿ ಇಲ್ಲಿ ಕಂದು ಹಾವು, ಹುಲಿ ಹಾವುಗಳು ಬಿಸಿಲು ಕಾಯಲು ದಾರಿಗೆ ಬರುತ್ತವೆ. ಕಚ್ಚಿದರೆ ತೊಳೆಯಬಾರದು, ಕೊಯ್ಯಬಾರದು, ಓಡಬಾರದು. ಕೈಕಾಲಿಗೆ ಪೂರ್ತಿಯಾಗಿ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ ಅಲ್ಲಾಡದಂತೆ ಮಲಗಿಸಿ 000ಕ್ಕೆ ಕರೆ ಮಾಡಬೇಕು. ಓದುವ ಸಹೋದರಿಯರು ಒಂದು ಮಾತು ಗಮನಿಸಿ. ಬಿಗಿ ಬ್ಯಾಂಡೇಜಿನ ಈ ಕ್ರಮ ಆಸ್ಟ್ರೇಲಿಯಾದ ಹಾವುಗಳಿಗೆ. ನಮ್ಮೂರಿನ ಕೊಳಕುಮಂಡಲದ ಕಡಿತಕ್ಕೆ ಹೀಗೆ ಬಿಗಿದರೆ ಆ ಭಾಗಕ್ಕೇ ಹಾನಿ. ಅಲ್ಲಿ ಅಲುಗಾಡದಂತೆ ಇಟ್ಟು ಬೇಗ ಆಸ್ಪತ್ರೆಗೆ ಸೇರಿಸುವುದೇ ದಾರಿ.

ಅಧ್ಯಾಪಕಿ ಸಾಲಿನ ಮುಂದೆ, ನಾನು ಕೊನೆಯಲ್ಲಿ. ಕೊನೆಯವರಿಗೆ ಇಲ್ಲಿ 'ಬಾಲ' ಎನ್ನುತ್ತಾರೆ. ಬಾಲದ ಕೆಲಸ ಒಂದೇ, ಯಾವ ಮಗುವೂ ತನ್ನ ಹಿಂದೆ ಉಳಿಯಬಾರದು. 'ಸೈಲೆಂಟ್ ಸ್ಟ್ರೀಟ್' ಎಂಬ ಕಡೆ ಎರಡು ಬಂಡೆಗೋಡೆಗಳ ನಡುವೆ ಒಬ್ಬೊಬ್ಬರೇ ನುಸುಳಬೇಕು. ಶಿಖರ ತಲುಪಿ ಕಂಬಿ ಹಿಡಿದು ನಿಂತಾಗ ಕೆಳಗೆ ಇಡೀ ಕಣಿವೆ, ಸರೋವರ, ಬೆಂಕಿಪೊಟ್ಟಣದಂಥ ಮನೆಗಳು. ನನಗೆ ಆಯಾಸವೇ ಮರೆತುಹೋಯಿತು.

ತಪ್ಪು ನಡೆದದ್ದು ಇಳಿಯುವಾಗ. ಒಬ್ಬ ಹುಡುಗನ ಮೂಗಿನಿಂದ ರಕ್ತ ಬರತೊಡಗಿತು. ನಾನು ಗಾಬರಿಯಿಂದ ಅವನನ್ನು ಹಿಡಿದುಕೊಂಡು ಸಾಲನ್ನು ದಾಟಿ ಮುಂದೆ ಅಧ್ಯಾಪಕಿಯ ಬಳಿಗೆ ಹೋದೆ. ಅಷ್ಟೇ! ಬಾಲ ಮುಂದೆ ಹೋಗಿತ್ತು. ಹಿಂದೆ ಯಾರೂ ಇರಲಿಲ್ಲ. ಅವನ ರಕ್ತ ನಿಂತ ಮೇಲೆ ಎಂದಿನಂತೆ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದು.

ಸಹೋದರಿಯರೇ, ಆ ಕ್ಷಣವನ್ನು ಹೇಗೆ ಹೇಳಲಿ? ಕಾಲಡಿಯ ಬಂಡೆಯೇ ಜಾರಿದಂತಾಯಿತು. ಬೇರೆಯವರು ನನ್ನನ್ನು ನಂಬಿ ಕಳಿಸಿದ ಮಗು. ಆ ತಾಯಿಗೆ ನಾನೇನು ಹೇಳಲಿ?

ಅಧ್ಯಾಪಕಿ ನನ್ನನ್ನು ಬೈಯಲಿಲ್ಲ. ಎಲ್ಲ ಮಕ್ಕಳನ್ನೂ ಇದ್ದಲ್ಲೇ ಕೂರಿಸಿದರು. ನಮ್ಮ ಹಿಂದೆ ಬರುತ್ತಿದ್ದ ನಾಲ್ಕನೆಯ ಗುಂಪಿಗೆ ವಾಕಿಟಾಕಿಯಲ್ಲಿ ತಿಳಿಸಿದರು. ಮೂರು ಬಾರಿ ಸೀಟಿ ಊದಿ ಸುಮ್ಮನೆ ಕಿವಿಗೊಟ್ಟರು. ಮೇಲಿನ ತಿರುವಿನಿಂದ ಸಣ್ಣದಾಗಿ ಮೂರು ಸೀಟಿ ಮರುಕೇಳಿಸಿತು. ನಾಲ್ಕನೆಯ ಗುಂಪಿನ ಅಧ್ಯಾಪಕರೊಬ್ಬರು ಅಲ್ಲಿಗೆ ತಲುಪಿದಾಗ ಕನ್ನಡಕದ ಆ ಹುಡುಗಿ ದಾರಿಯ ಬದಿಯ ಒಂದು ಮರಕ್ಕೆ ಒರಗಿ ಕುಳಿತಿದ್ದಳಂತೆ. ಬೂಟಿನ ಲೇಸು ಕಟ್ಟಲು ನಿಂತಿದ್ದಳು, ತಲೆ ಎತ್ತುವಾಗ ಸಾಲು ಮಾಯವಾಗಿತ್ತು. ದಾರಿ ತಪ್ಪಿದರೆ ಹುಡುಕಿಕೊಂಡು ಓಡಬೇಡಿ, ಇದ್ದಲ್ಲೇ ಕುಳಿತು ಸೀಟಿ ಊದಿ ಎಂದು ಮಕ್ಕಳಿಗೆ ಮೊದಲ ದಿನವೇ ಕಲಿಸಿದ್ದರು. ಒಟ್ಟು ಆರು ನಿಮಿಷ. ನನಗೆ ಅದು ಒಂದು ದಿನದಷ್ಟಿತ್ತು.

ನಾನು ಅವಳ ಮುಂದೆ ಮಂಡಿಯೂರಿ "ಹೆದರಿದೆಯಾ ಮಗಳೇ?" ಎಂದೆ. ಅವಳು ಕನ್ನಡಕ ಸರಿಮಾಡಿಕೊಂಡು ಹೇಳಿದಳು, "ಸ್ವಲ್ಪ. ಆದರೆ ನೀವು ಎಣಿಸುತ್ತೀರಿ ಅಂತ ನನಗೆ ಗೊತ್ತಿತ್ತು."

ಅಂದು ರಾತ್ರಿ ಒಂದು ಫಾರಂ ತುಂಬಿದೆವು. ಏನಾಯಿತು, ಎಷ್ಟು ಹೊತ್ತು, ಯಾರ ಕಡೆಯಿಂದ ಲೋಪ ಎಂದೆಲ್ಲ ಅದರಲ್ಲಿತ್ತು. ಬಾಲದ ಜಾಗ ಬಿಟ್ಟದ್ದು ನಾನೇ ಎಂದು ನಾನೇ ಬರೆದು ಸಹಿ ಹಾಕಿದೆ. ಅಧ್ಯಾಪಕಿ ಹುಡುಗಿಯ ಮನೆಗೆ ತಾವಾಗಿಯೇ ಫೋನ್ ಮಾಡಿ ನಡೆದದ್ದನ್ನು ಹಾಗೆಯೇ ಹೇಳಿದರು. ಮಗು ಸಿಕ್ಕಿದೆಯಲ್ಲ, ಇನ್ನೇಕೆ ಹೇಳುವುದು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ಹೇಳಿದ್ದರಿಂದಲೇ ಆ ತಾಯಿಯ ನಂಬಿಕೆ ಉಳಿಯಿತು. "ಉಳಿದ ದಿನವನ್ನೂ ಅವಳು ಮುಗಿಸಿಯೇ ಬರಲಿ" ಎಂದರಂತೆ.

ಸಹಿ ಹಾಕುವ ಮೊದಲು

ಮೂರನೆಯ ದಿನ ಮರಳುವ ದಾರಿಯಲ್ಲಿ ಸ್ಟಾವೆಲ್ ಪಟ್ಟಣದ ಬಳಿ ಬುಂಜಿಲ್ ಶೆಲ್ಟರ್ ನೋಡಿದೆವು. ಬಂಡೆಯ ಗುಹೆಯಂಥ ಜಾಗದಲ್ಲಿ ಮೂಲನಿವಾಸಿಗಳು ಬಿಡಿಸಿದ ಚಿತ್ರ. ಅವರ ನಂಬಿಕೆಯ ಸೃಷ್ಟಿಪುರುಷ ಬುಂಜಿಲ್, ಪಕ್ಕದಲ್ಲಿ ಎರಡು ಡಿಂಗೋ ನಾಯಿಗಳು. ಯಾರೂ ಮುಟ್ಟಿ ಹಾಳುಮಾಡದಂತೆ ಮುಂದೆ ಕಬ್ಬಿಣದ ಜಾಲರಿ. ಮಕ್ಕಳು ಜಾಲರಿಯ ಹೊರಗೆ ಗದ್ದಲವಿಲ್ಲದೆ ನಿಂತು ನೋಡಿದರು.

ಬಸ್ಸು ಹತ್ತುವ ಮೊದಲು ನನ್ನ ಮಗಳು ಮೊದಲ ಬಾರಿಗೆ ನನ್ನ ಬಳಿ ಬಂದಳು. ಸ್ಕಾರ್ಫ್ ಪಿನ್ ಕಳೆದುಹೋಗಿದೆ, ಇನ್ನೊಂದಿದೆಯೇ ಎಂದು ಕೇಳಲು! ಪಿನ್ ತೆಗೆದುಕೊಂಡು ಗೆಳತಿಯರ ಬಳಿಗೆ ಓಡಿದಳು. ಅವಳ ಹಾಸಿಗೆ ಸುರುಳಿ ಅಚ್ಚುಕಟ್ಟಾಗಿ ಸುತ್ತಿ ಕಟ್ಟಿತ್ತು. ನಾನು ಕಟ್ಟಿದ್ದಲ್ಲ.

ನೀವು ಎಲ್ಲೇ ಇರಿ, ಮಗುವನ್ನು ಶಾಲೆಯ ಪ್ರವಾಸಕ್ಕೆ ಕಳಿಸುವ ಮೊದಲು ಧೈರ್ಯವಾಗಿ ಇಷ್ಟನ್ನು ಕೇಳಿ. ಎಷ್ಟು ಮಕ್ಕಳಿಗೆ ಎಷ್ಟು ಮಂದಿ ದೊಡ್ಡವರು? ಹುಡುಗಿಯರ ಜೊತೆ ಅಧ್ಯಾಪಕಿಯರಿದ್ದಾರೆಯೇ? ರಾತ್ರಿ ಎಲ್ಲಿ ಮಲಗುತ್ತಾರೆ, ಶೌಚಾಲಯ ಎಷ್ಟು ದೂರ? ಯಾವ ಯಾವ ಹೊತ್ತಿನಲ್ಲಿ ಎಣಿಸುತ್ತೀರಿ? ಔಷಧಿ ಯಾರ ಕೈಯಲ್ಲಿರುತ್ತದೆ? ಹತ್ತಿರದ ಆಸ್ಪತ್ರೆ ಯಾವುದು? ಏನಾದರೂ ಆದರೆ ನಮಗೆ ಯಾರು, ಎಷ್ಟು ಬೇಗ ತಿಳಿಸುತ್ತಾರೆ? ಉತ್ತರ ಸಿಗದಿದ್ದರೆ ಕಳಿಸಬೇಡಿ. ಸಿಕ್ಕಿದರೆ ಕೇವಲ ಹೆದರಿಕೆಯ ಕಾರಣದಿಂದ ತಡೆಯಬೇಡಿ. ಮೊದಲು ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಮಾತು ನಿಮಗೆ ಗೊತ್ತೇ ಇದೆ.

ಮನೆಗೆ ಬಂದ ರಾತ್ರಿ ಊರಿನಲ್ಲಿರುವ ಉಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಬೇಲೂರು, ಹಳೇಬೀಡು, ಮೈಸೂರಿಗೆ ಪ್ರವಾಸ ಹೊರಟಿತ್ತು. ಉಪ್ಪ ಒಪ್ಪಿದ್ದರು, ಉಮ್ಮ ಬಿಡಲಿಲ್ಲ. ಆ ಮೂರು ದಿನ ನಾನು ಊಟ ಬಿಟ್ಟು ಅತ್ತಿದ್ದೆ. ಎಷ್ಟೋ ವರ್ಷ ಅದೊಂದು ಸಣ್ಣ ಮುಳ್ಳಿನಂತೆ ನನ್ನೊಳಗಿತ್ತು.

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ನಿನ್ನನ್ನು ಕಳಿಸಬಾರದೆಂದು ನನಗೆ ಮನಸ್ಸಿರಲಿಲ್ಲ ಮಗಳೇ. ಅಲ್ಲಿ ರಾತ್ರಿ ನಿಮ್ಮನ್ನು ಎಣಿಸುವವರು ಯಾರು ಎಂದು ಕೇಳಿದೆ. ಯಾರೂ ಹೇಳಲಿಲ್ಲ."

ಮುಳ್ಳು ಅಲ್ಲಿಗೆ ಕಳಚಿತು. ಮುಂದಿನ ವರ್ಷದ ಕ್ಯಾಂಪಿಗೆ ನಾನು ಹೆಸರು ಕೊಟ್ಟಿದ್ದೇನೆ, ಇನ್‌ಶಾ ಅಲ್ಲಾಹ್. ಈ ಬಾರಿ ಮಗಳ ಮೇಲೆ ಕಣ್ಣಿಡಲು ಅಲ್ಲ.